ಕ್ಲಬ್ ಬಿಡಲ್ಲ, ಷೇರು ಮಾರಿದೆ

ಕಳೆದ ಜೂನ್ ಕೊನೆಯ ವಾರ ಒಂದು ಸಣ್ಣ ಲಿಥಿಯಂ ಗಣಿ ಕಂಪನಿಯ ಷೇರುಗಳನ್ನು ಮಾರಿದೆ. ಹಾಕಿದ್ದು 6,000 ಡಾಲರ್, ಕೈಗೆ ಬಂದಿದ್ದು 1,450. ಲಿಥಿಯಂ ಬೆಲೆ ಬಿದ್ದು ವರ್ಷಗಳೇ ಆಗಿದ್ದವು. ಆದರೂ ಮೂರು ವರ್ಷ ಹಿಡಿದುಕೊಂಡೇ ಇದ್ದೆ. ಯಾಕೆ ಅಂತ ಕೂತು ಯೋಚಿಸಿದಾಗ ಗೊತ್ತಾಯಿತು, ನಾನು ಆ ಕಂಪನಿಗೆ ಅಭಿಮಾನಿ ಆಗಿಬಿಟ್ಟಿದ್ದೆ. ಫೂಟಿಯಲ್ಲಿ, ಅಂದರೆ ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲಿನಲ್ಲಿ, ನನ್ನ ಕ್ಲಬ್ ಬುಲ್‌ಡಾಗ್ಸ್‌ಗೆ ಹೇಗೋ ಹಾಗೆ.

ಇಲ್ಲಿ ಮೆಲ್ಬರ್ನಿನಲ್ಲಿ ಇರುವ ನಮ್ಮವರಲ್ಲಿ ತುಂಬಾ ಜನ ಇದೇ ತಪ್ಪು ಮಾಡುವುದನ್ನು ನೋಡುತ್ತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಫೂಟಿ ಬಗ್ಗೆ. ನಾವು ಟಾರ್ನೀಟ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಪಶ್ಚಿಮದ ಬಡಾವಣೆಗಳಿಗೆಲ್ಲ ವೆಸ್ಟರ್ನ್ ಬುಲ್‌ಡಾಗ್ಸ್ ಮನೆ ತಂಡ. ಒಂದು ಕಡೆಗೆ 18 ಜನ, ಗೋಲಿಗೆ ಆರು ಪಾಯಿಂಟ್, ಸ್ವಲ್ಪ ಪಕ್ಕಕ್ಕೆ ಹೋದರೂ ಬಿಹೈಂಡ್ ಅಂತ ಒಂದು ಪಾಯಿಂಟ್. ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ನನಗೆ ಇದು ಅರ್ಥ ಆಗಲು ಒಂದು ಇಡೀ ಸೀಸನ್ ಬೇಕಾಯಿತು. ಮರುವರ್ಷವೇ 2016. ಪಟ್ಟಿಯಲ್ಲಿ ಏಳನೇ ಜಾಗದಲ್ಲಿದ್ದ ತಂಡ ಪರ್ತ್‌ಗೆ ಹೋಗಿ ವೆಸ್ಟ್ ಕೋಸ್ಟನ್ನು ಸೋಲಿಸಿತು, ಆಮೇಲೆ ಹಾಥಾರ್ನ್, ಆಮೇಲೆ ಆರೇ ಪಾಯಿಂಟಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ, ಕೊನೆಗೆ ಗ್ರ್ಯಾಂಡ್ ಫೈನಲ್‌ನಲ್ಲಿ ಸಿಡ್ನಿ ಸ್ವಾನ್ಸ್ ತಂಡವನ್ನು 22 ಪಾಯಿಂಟಿನಿಂದ ಮಣಿಸಿತು. 1954 ಆದಮೇಲೆ ಮೊದಲ ಸಲ. 62 ವರ್ಷ! ಮೊಣಕಾಲು ಪೆಟ್ಟಾಗಿ ಆಡಲಾಗದೆ ಹೊರಗೆ ಕೂತಿದ್ದ ನಾಯಕ ಬಾಬ್ ಮರ್ಫಿಯನ್ನು ವೇದಿಕೆಗೆ ಕರೆದು ಕೋಚ್ ಲೂಕ್ ಬೆವರಿಜ್ ತಮ್ಮ ಪದಕವನ್ನು ಅವರ ಕೊರಳಿಗೆ ಹಾಕಿದರು. ಅವತ್ತು ನಾನು ಅತ್ತೆ. ಎರಡು ವರ್ಷದ ಹಿಂದೆ ಈ ಆಟದ ಹೆಸರೇ ಗೊತ್ತಿರಲಿಲ್ಲ.

ಡಾಕ್‌ಲ್ಯಾಂಡ್ಸ್ ಸ್ಟೇಡಿಯಂನಲ್ಲಿ ನಮ್ಮ ಪಕ್ಕದ ಸೀಟಿಗೆ ಒಬ್ಬರು ಅಜ್ಜಿ ಬರುತ್ತಾರೆ. ಕೈಯಲ್ಲೇ ಹೆಣೆದ ಕೆಂಪು, ಬಿಳಿ, ನೀಲಿ ಸ್ಕಾರ್ಫ್. ಅದರ ತುಂಬ ವರ್ಷಕ್ಕೊಂದರಂತೆ ಚುಚ್ಚಿದ ಬ್ಯಾಡ್ಜ್‌ಗಳು. ಎದ್ದು ನಿಂತರೆ ಕಿಣಿಕಿಣಿ ಅನ್ನುತ್ತವೆ. 1989ರ ಕಥೆ ನನಗೆ ಹೇಳಿದ್ದು ಅವರೇ. ಆಗ ನಮ್ಮ ಕ್ಲಬ್ಬಿನ ಹೆಸರು ಫುಟ್ಸ್‌ಕ್ರೇ. ಸಾಲ ಜಾಸ್ತಿಯಾಗಿತ್ತು. ಫಿಟ್ಜ್‌ರಾಯ್ ಎಂಬ ಇನ್ನೊಂದು ಕ್ಲಬ್ ಜೊತೆ ಸೇರಿಸಿ ಒಂದೇ ತಂಡ ಮಾಡುತ್ತೇವೆ ಅಂತ ಲೀಗ್ ಘೋಷಿಸಿಬಿಟ್ಟಿತು. ಐರೀನ್ ಚ್ಯಾಟ್‌ಫೀಲ್ಡ್ ಎಂಬ ಅಭಿಮಾನಿ ಕೋರ್ಟಿಗೆ ಹೋದರು. ಪೀಟರ್ ಗಾರ್ಡನ್ ಎಂಬ ಲಾಯರ್ ಮುಂದೆ ನಿಂತರು. ಸಾವಿರಾರು ಜನ ಮೈದಾನದಲ್ಲಿ ಸೇರಿ ಕೆಲವೇ ವಾರಗಳಲ್ಲಿ ದುಡ್ಡು ಕೂಡಿಸಿ ಕ್ಲಬ್ ಉಳಿಸಿಕೊಂಡರು. "ಆಗ ನಮ್ಮ ಮನೆಯಲ್ಲೂ ದುಡ್ಡು ಇರಲಿಲ್ಲ. ಅದಕ್ಕೇ ಡಬ್ಬಿ ಹಿಡಿದುಕೊಂಡು ಬಾರ್ಕ್ಲಿ ಸ್ಟ್ರೀಟಲ್ಲಿ ನಿಂತೆ" ಅಂದರು ಅಜ್ಜಿ. ಫಿಟ್ಜ್‌ರಾಯ್ ಮಾತ್ರ ಉಳಿಯಲಿಲ್ಲ. 1996ರ ಸೀಸನ್ ಮುಗಿದ ಮೇಲೆ ಬ್ರಿಸ್ಬೇನ್ ಜೊತೆ ಸೇರಿಹೋಯಿತು.

ಕ್ಲಬ್ಬಿಗೆ ಈ ನಿಷ್ಠೆ ಬೇಕು. ಅದು ಇಲ್ಲದಿದ್ದರೆ ಇವತ್ತು ನಮ್ಮ ತಂಡವೇ ಇರುತ್ತಿರಲಿಲ್ಲ. ದುಡ್ಡು ಮಾಡಲೆಂದೇ ಕ್ಲಬ್ ಕೊಂಡವರೂ ಅದೇ ಕಾಲದಲ್ಲಿ ಇದ್ದರು. 1985ರಲ್ಲಿ ಸಿಡ್ನಿ ಸ್ವಾನ್ಸ್ ಖಾಸಗಿಯವರ ಕೈಗೆ ಹೋಯಿತು. 1987ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಮರುವರ್ಷ ಲೀಗ್ ಆ ಕ್ಲಬ್ಬನ್ನು ವಾಪಸ್ ತೆಗೆದುಕೊಂಡಿದ್ದು ಹತ್ತು ಡಾಲರ್‌ಗೆ. ಹೌದು, ಬರೀ ಹತ್ತು. ಕ್ಲಬ್ ಸದಸ್ಯರದ್ದೇ ಆಗಿರಬೇಕು, ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಷೇರಿಗೆ ಈ ನಿಷ್ಠೆ ಯಾಕೆ? ನಮ್ಮ ತಂಡ ಸೋತರೆ "ಮುಂದಿನ ವರ್ಷ ನೋಡೋಣ" ಅನ್ನುವುದು ಸರಿ. ಗಣಿ ಕಂಪನಿ ಮತ್ತೆ ಮತ್ತೆ ಹೊಸ ಷೇರು ಬಿಟ್ಟು ದುಡ್ಡು ಎತ್ತುತ್ತಿದ್ದಾಗಲೂ ನಾನು ಅದೇ ಮಾತು ಹೇಳುತ್ತಿದ್ದೆ. ಅದರ ಬಗ್ಗೆ ಯಾರಾದರೂ ಕೆಟ್ಟದ್ದು ಬರೆದರೆ ನನಗೆ ಸಿಟ್ಟು ಬರುತ್ತಿತ್ತು! ಇವತ್ತು ಕೈಯಲ್ಲಿ ದುಡ್ಡಿದ್ದರೆ ಇದೇ ಬೆಲೆಗೆ ಇದನ್ನೇ ಕೊಳ್ಳುತ್ತೇನಾ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

"ಒಳ್ಳೆ ಷೇರು ಕೊಂಡು ಮರೆತುಬಿಡು" ಅನ್ನುವ ಗೆಳೆಯರು ಕಾಮನ್‌ವೆಲ್ತ್ ಬ್ಯಾಂಕ್ ತೋರಿಸುತ್ತಾರೆ. 1991ರಲ್ಲಿ ಸರ್ಕಾರ ಅದರ ಷೇರನ್ನು 5 ಡಾಲರ್ 40 ಸೆಂಟಿಗೆ ಮಾರಿತು. ಈಗ ಅದು ನೂರು ಡಾಲರ್ ದಾಟಿದೆ, ನಿಜ. ಆದರೆ ಇದೇ ಸರ್ಕಾರ 1999ರಲ್ಲಿ ಫೋನ್ ಕಂಪನಿ ಟೆಲ್‌ಸ್ಟ್ರಾದ ಎರಡನೇ ಕಂತಿನ ಷೇರನ್ನು 7 ಡಾಲರ್ 40ಕ್ಕೆ ಜನರಿಗೆ ಮಾರಿತಲ್ವಾ? ಮರುವರ್ಷ ಜಾರಿದ್ದು ಮತ್ತೆ ಆ ಬೆಲೆ ಮುಟ್ಟಿಲ್ಲ. ಎರಡೂ ಕಡೆ ಜನ ಮಾರದೆ ಕೂತಿದ್ದರು. ಕೂತಿದ್ದು ಒಂದೇ, ಸಿಕ್ಕಿದ್ದು ಬೇರೆ ಬೇರೆ.

ಡಿವಿಡೆಂಡ್, ಅಂದರೆ ಲಾಭದ ಪಾಲು, ಬರುತ್ತಲ್ಲ ಅನ್ನುವವರೂ ಇದ್ದಾರೆ. ಆಸ್ಟ್ರೇಲಿಯಾದ ಫ್ರಾಂಕಿಂಗ್ ಕ್ರೆಡಿಟ್ ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಕಂಪನಿ ನೂರು ಡಾಲರ್ ಲಾಭದಲ್ಲಿ 30 ತೆರಿಗೆ ಕಟ್ಟಿ 70 ಹಂಚಿದರೆ, ಆ 30 ನಮ್ಮ ತೆರಿಗೆ ಲೆಕ್ಕದಲ್ಲಿ ಜಮಾ ಆಗುತ್ತದೆ. ಆದರೆ ಅದಕ್ಕೋಸ್ಕರ ಒಂದೇ ಬ್ಯಾಂಕಿನ ಷೇರನ್ನು ಮದುವೆಯಾಗಬೇಕಿಲ್ಲ. ನಾನು ಈಗ ಇಲ್ಲಿನ ದೊಡ್ಡ 200 ಕಂಪನಿಗಳ ಷೇರನ್ನು ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡ್‌ಗೆ ಪ್ರತಿ ತಿಂಗಳು ಹಾಕುತ್ತೇನೆ. ಅದರಲ್ಲೂ ಫ್ರಾಂಕಿಂಗ್ ಸಿಗುತ್ತದೆ. ಮೂರು ತಿಂಗಳಿಗೊಮ್ಮೆ ಪಟ್ಟಿ ನೋಡಿ, ಸೊರಗಿದ ಕಂಪನಿ ತೆಗೆದು ಬೆಳೆದಿದ್ದನ್ನು ಸೇರಿಸುತ್ತಾರೆ. ನನ್ನ ಕೈಯಲ್ಲಿ ಆಗದ ಕೆಲಸ ಅದು. ಲಿಥಿಯಂ ನಷ್ಟವನ್ನು ಮುಂದೆ ಬರುವ ಷೇರು ಲಾಭದಲ್ಲಿ ಕಳೆಯಬಹುದು, ಅಷ್ಟಾದರೂ ಉಪಯೋಗ.

ಇನ್ನೊಂದು ವಿಷಯ, ನನ್ನ ಹೊಟ್ಟೆ ಉರಿಯುವುದು ಇದಕ್ಕೇ. ಹೋದ ವರ್ಷ ಒಂದು ಶನಿವಾರ ಟಿವಿ ಮುಂದೆ ಕೂತಿದ್ದಾಗ ನನ್ನ ಒಂಬತ್ತು ವರ್ಷದ ಮಗ ಹೇಳಿದ: "ಅಪ್ಪಾ, ಡಾಗ್ಸ್ ಇವತ್ತು ಒಂದು ಎಂಬತ್ತು." ಜೂಜಿನ ಜಾಹೀರಾತಲ್ಲಿ ಬರುವ ಬಾಜಿ ದರ ಅದು, ಒಂದು ಡಾಲರ್ ಕಟ್ಟಿ ಗೆದ್ದರೆ ಒಂದು ಡಾಲರ್ ಎಂಬತ್ತು ಸೆಂಟ್ ಅಂತ! ಯಾರು ಆಡುತ್ತಿಲ್ಲ, ಯಾರಿಗೆ ಪೆಟ್ಟಾಗಿದೆ, ಅವನಿಗೆ ಗೊತ್ತಿರಲಿಲ್ಲ. ದರ ಮಾತ್ರ ಬಾಯಿಪಾಠ. ಸಂಸದೆ ಪೀಟಾ ಮರ್ಫಿ ಅವರ ಸಂಸದೀಯ ಸಮಿತಿ 2023ರಲ್ಲೇ 31 ಶಿಫಾರಸು ಕೊಟ್ಟು, ಆನ್‌ಲೈನ್ ಜೂಜಿನ ಜಾಹೀರಾತು ಮೂರು ವರ್ಷದಲ್ಲಿ ಪೂರ್ತಿ ನಿಲ್ಲಬೇಕು ಅಂದಿತ್ತು. ಅದೇ ಡಿಸೆಂಬರ್‌ನಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ವರದಿಯ ಒಂದೊಂದು ಸಾಲೂ ಜಾರಿಯಾಗಬೇಕು. ನನ್ನ ಮಗನಿಗೆ ಬುಲ್‌ಡಾಗ್ಸ್ ಒಂದು ದರ ಆಗಬಾರದು.

ಕೈಗೆ ಬಂದ 1,450ರಲ್ಲಿ 1,300 ಫಂಡಿಗೆ ಹಾಕಿದೆ. ಉಳಿದಿದ್ದರಲ್ಲಿ ಮಗನಿಗೆ ಕ್ಲಬ್ಬಿನ ಸದಸ್ಯತ್ವ ಮಾಡಿಸಿದೆ. ಈಗ ಅವನು ಮ್ಯಾಚ್ ನೋಡುವುದು ಅಜ್ಜಿಯ ಪಕ್ಕ ಕೂತು. ಚೆಂಡನ್ನು ಗುದ್ದಿ ಪಾಸ್ ಮಾಡುವ ಹ್ಯಾಂಡ್‌ಬಾಲ್‌ಗೆ ಮುಷ್ಟಿ ಹೇಗೆ ಹಿಡಿಯಬೇಕು ಅಂತ ಅವರೇ ಅವನ ಬೆರಳು ಮಡಿಸಿ ತೋರಿಸಿಕೊಟ್ಟರು, ಹೆಬ್ಬೆರಳು ಹೊರಗಡೆ.