ಕ್ಯಾಶ್ ಹುಡುಕಲು ಹೋದ ಮಾಷ್ಟ್ರು

ಬೆಂಗಳೂರಿನಿಂದ ರಜೆಗೆ ಬಂದ ತಂಗಿಯ ಮಗ, ಚಾ ಲೋಟ ಕೆಳಗಿಡುವ ಮೊದಲೇ, "ಮಾವ, ಕುಂಬಳೆಯಲ್ಲಿ ಒಂದು ಕ್ಯಾಶ್ ಉಂಟು, ಹುಡುಕುವ ಬನ್ನಿ" ಎಂದ. ಒಳಗಿನಿಂದ ನನ್ನ ಹೆಂಡತಿ ಕೇಳಿದಳು, "ಎಷ್ಟು?"

ದುಡ್ಡಲ್ಲವಂತೆ. ಈ ಕ್ಯಾಶ್‌ನ ಸ್ಪೆಲ್ಲಿಂಗ್ ಬೇರೆ, ಬಚ್ಚಿಟ್ಟದ್ದು ಅಂತ ಅರ್ಥ. ಆಟದ ಹೆಸರು ಜಿಯೋಕ್ಯಾಶಿಂಗ್. ಯಾರೋ ಒಂದು ಡಬ್ಬಿ ಅಡಗಿಸಿ ಅದರ ಅಕ್ಷಾಂಶ, ರೇಖಾಂಶ ಕೊಡುತ್ತಾರೆ. ನಾವು ಜಿಪಿಎಸ್ ಹಿಡಿದು ಹುಡುಕಬೇಕು. ಸಿಕ್ಕಿದರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು.

"ಮತ್ತೆ ನಮಗೆ ಎಂತ ಸಿಗುವುದು?"

"ಖುಷಿ, ಮಾವ."

2000ದ ಮೇ ತಿಂಗಳ ತನಕ ಅಮೆರಿಕದವರು ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ಸ್ವಲ್ಪ ತಪ್ಪು ಸೇರಿಸುತ್ತಿದ್ದರಂತೆ. ಅದನ್ನು ನಿಲ್ಲಿಸಿದ್ದೇ ತಡ, ಮೇ 3ರಂದು ಒರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಬಕೆಟ್ ಅಡಗಿಸಿಟ್ಟು, ಹುಡುಕಿ ನೋಡುವ ಅಂದರು. ಈ ಆಟ ಶುರುವಾದದ್ದು ಹಾಗೆ. ಅದರಲ್ಲಿ ಒಂದು ಡಬ್ಬಿ ಬೀನ್ಸ್ ಕೂಡ ಇತ್ತು. ಉಪಗ್ರಹ ಹಾರಿಸಿದ್ದು ಯಾಕೆ, ಉಪಯೋಗಕ್ಕೆ ಬಂದದ್ದು ಯಾವುದಕ್ಕೆ!

ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ನಾನು. ಅಂಕಿ ಹಾಕುವ ಕೆಲಸ ನನಗೇ ಇರಲಿ ಅಂದೆ. ಉತ್ತರ 12 ಡಿಗ್ರಿ 36 ಮಿನಿಟು ಚಿಲ್ಲರೆ, ಪೂರ್ವ 74 ಡಿಗ್ರಿ 56 ಮಿನಿಟು ಚಿಲ್ಲರೆ ಅಂತ ಇತ್ತು. ನಾನು 12 ಪಾಯಿಂಟ್ 36, 74 ಪಾಯಿಂಟ್ 56 ಅಂತ ಒತ್ತಿದೆ. ಮೊಬೈಲ್ ಇಡೀ ನೀಲಿ ಆಯಿತು. ಡಬ್ಬಿ ಇರುವುದು ಬೇಕಲ ಕೋಟೆಯಿಂದ ಪಡುವಣಕ್ಕೆ ಐವತ್ತು ಕಿಲೋಮೀಟರ್ ಆಚೆ, ಅರಬ್ಬಿ ಸಮುದ್ರದಲ್ಲಿ.

"ದೋಣಿ ಬೇಕಾಗ್ತದೆ" ಅಂದೆ.

ಅವನು ಮೊಬೈಲ್ ನೋಡಿದ. ಆಮೇಲೆ ನನ್ನನ್ನು ನೋಡಿದ. "ಮಾವ, ಒಂದು ಡಿಗ್ರಿಗೆ 60 ಮಿನಿಟು ಅಲ್ವಾ?"

ಈ ಒಂದು ಪಾಠಕ್ಕೆ ನಾನು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ.

ಸರಿ ಮಾಡಿದ ಮೇಲೆ ಬಾಣದ ಗುರುತು ಆರಿಕ್ಕಾಡಿ ಕೋಟೆಯ ಕಡೆ ತಿರುಗಿತು. ಇಕ್ಕೇರಿ ನಾಯಕರ ಕಾಲದ ಕೋಟೆ, ಹೆದ್ದಾರಿಯ ಬದಿಯಲ್ಲೇ. ಸ್ಕೂಟರಿನಲ್ಲಿ ಹತ್ತು ನಿಮಿಷ. ಆದರೆ ಹತ್ತಿರ ಹೋದಷ್ಟೂ ಬಾಣಕ್ಕೆ ತಲೆ ಕೆಡುತ್ತದೆ. ಬಯಲಿನಲ್ಲಾದರೆ ಜಿಪಿಎಸ್ ಐದಾರು ಮೀಟರ್ ಆಚೀಚೆ ಹೇಳುತ್ತದೆ, ಮರದ ಕೆಳಗೆ, ಗೋಡೆಯ ಬದಿಯಲ್ಲಿ ಇನ್ನೂ ಜಾಸ್ತಿ. ಮುರಕಲ್ಲಿನ ಗೋಡೆ ಅಂದರೆ ತೂತೋ ತೂತು. ಮೊದಲು ಕೈ ಹಾಕಿದ ತೂತಿನಲ್ಲಿ ಕೆಂಪಿರುವೆ. ಎರಡನೆಯದರಲ್ಲಿ ಅರ್ಧ ಕಟ್ಟು ಬೀಡಿ, ಯಾರದೋ ಹೆಂಡತಿಗೆ ಹೆದರಿ ಇಟ್ಟದ್ದಿರಬೇಕು. ಅದೂ ಒಂಥರಾ ಕ್ಯಾಶೇ.

ಹುಡುಕುವುದು ಬೇರೆಯವರಿಗೆ ಗೊತ್ತಾಗಬಾರದು ಅಂತಲೂ ಒಂದು ನಿಯಮ. ಆಟ ಗೊತ್ತಿಲ್ಲದವರನ್ನು ಇವರು 'ಮಗಲ್' ಅನ್ನುತ್ತಾರಂತೆ. ಬೆಳಿಗ್ಗೆ ಹತ್ತು ಗಂಟೆಗೆ ಬಿಳಿ ಪಂಚೆ ಉಟ್ಟ ಮಾಷ್ಟ್ರು ಗೋಡೆಗೆ ಕೈ ತುರುಕಿ ನಿಂತರೆ ಕುಂಬಳೆಯಂಥ ಊರಲ್ಲಿ ಯಾರಿಗೂ ಗೊತ್ತಾಗದೆ ಇರುತ್ತದೆಯೇ? ದನ ಹಿಡಿದುಕೊಂಡು ಬಂದ ಅಜ್ಜ ನಿಂತೇಬಿಟ್ಟರು.

"ಎಂತ ಮಾಷ್ಟ್ರೇ, ಎಂತ ಹುಡುಕುವುದು?"

ನಮ್ಮವನು ಬಾಯಿ ತೆರೆದು "ಕ್ಯಾ..." ಅಂದ. ನನ್ನ ಎದೆ ಧಸಕ್ಕೆಂದಿತು. 2025ರಲ್ಲಿ ಇದೇ ಕೋಟೆಯಲ್ಲಿ ನಿಧಿ ಉಂಟು ಅಂತ ಅಗೆಯಲು ಬಂದವರನ್ನು ಪೊಲೀಸರು ಹಿಡಿದಿದ್ದರು. ಪೇಪರಿನಲ್ಲೆಲ್ಲ ಬಂದಿತ್ತು. ನಮ್ಮ ಆಟದಲ್ಲಿ ಅಗೆಯಲಿಕ್ಕೇ ಇಲ್ಲ, ಈ ಕ್ಯಾಶ್ ಆ ಕ್ಯಾಶ್ ಅಲ್ಲ ಅಂತ ಠಾಣೆಯ ಬೆಂಚಿನಲ್ಲಿ ಕೂತು ಸ್ಪೆಲ್ಲಿಂಗ್ ಹೇಳುವ ಧೈರ್ಯ ನನಗಿರಲಿಲ್ಲ.

"ಕೀ! ಸ್ಕೂಟರಿನ ಕೀ ಬಿತ್ತು ಅಜ್ಜ."

ಅಷ್ಟು ಹೇಳಿದ್ದೇ ತಪ್ಪಾಯಿತು. ಅಜ್ಜ ದನವನ್ನು ಗಿಡಕ್ಕೆ ಕಟ್ಟಿದರು. ಹಾದಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು, "ಮಾಷೇ, ಎಂತಾಯಿತು?" ಅಂತ ಇಳಿದವನು ನನ್ನ ಹಳೇ ಶಿಷ್ಯ, ಮೇಲೆ ಹೇಳಿದ ಕಿವಿಗಳಲ್ಲೊಂದರ ಯಜಮಾನ. ಹಿಂದೆಯೇ ಕ್ರಿಕೆಟ್ ಹುಡುಗರು ನಾಲ್ಕು ಮಂದಿ. ಕೀ ನನ್ನ ಅಂಗಿಯ ಕಿಸೆಯಲ್ಲಿ. ಬಗ್ಗಿದರೆ ಝಣ್ ಅನ್ನುತ್ತದೆ. ಹಾಗಾಗಿ ಎಲ್ಲರೂ ಹುಲ್ಲು ಕೆದಕುವಾಗ ನಾನೊಬ್ಬ ನೆಟ್ಟಗೆ ನಿಂತು, "ಅಲ್ಲಿ ನೋಡು, ಇಲ್ಲಿ ನೋಡು" ಅನ್ನುತ್ತಿದ್ದೆ. ಯಾರಿಗೂ ಸಂಶಯ ಬರಲಿಲ್ಲ. ಮಾಷ್ಟ್ರುಗಳು ಹಾಗೆಯೇ ಅಲ್ವಾ?

"ಕೀ ಇಲ್ಲ, ಇದೊಂದು ಉಂಟು" ಅಂದರು ಅಜ್ಜ. ಅವರ ಕೈಯಲ್ಲಿ ಕಪ್ಪು ಡಬ್ಬಿ, ಹಿಂದೆ ಕ್ಯಾಮೆರಾದ ರೀಲು ಬರುತ್ತಿತ್ತಲ್ಲ, ಅದು. ಮುಚ್ಚಳ ತೆಗೆದು ಅಂಗೈಗೆ ಸುರಿದರು. ಸುರುಳಿ ಸುತ್ತಿದ ಚೀಟಿ, ಅದರ ತುಂಬ ಯಾರು ಯಾರದೋ ಹೆಸರು, ತಾರೀಕು. ಒಂದು ಅಂಗಿಯ ಬಟನ್. ಒಂದು ತುಂಡು ಕೆಂಪು ನೂಲು.

ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು.

"ಮಾಟ" ಅಂದರು ಅಜ್ಜ.

"ಕೂಡೋತ್ರಂ" ಅಂತ ಶಿಷ್ಯ ಮಲಯಾಳದಲ್ಲಿ ಖಚಿತಪಡಿಸಿದ. ಎರಡು ಭಾಷೆಯಲ್ಲಿ ತೀರ್ಮಾನವಾದ ಮೇಲೆ ನಾನೆಂತ ಹೇಳುವುದು?

ಪಾಪ, ನಮ್ಮವನು ಪೆನ್ನು ತೆಗೆದಿದ್ದ. "ಅಜ್ಜ, ನಾನೊಂದು ಹೆಸರು ಬರೆದು..."

"ಅದರಲ್ಲಿ ಹೆಸರು ಬಿದ್ದವನ ಕಥೆ ಮುಗಿಯಿತು ಮಗಾ" ಅಂತ ಅಜ್ಜ ಡಬ್ಬಿಯ ಬಾಯಿ ಒತ್ತಿ ಮುಚ್ಚಿದರು. ತೇಗದ ಎಲೆಯಲ್ಲಿ ಹಿಡಿದು, ಸೇತುವೆಯ ತನಕ ನಡೆದು, ಮುಖ ಆಚೆ ತಿರುಗಿಸಿ ಹೊಳೆಗೆ ಎಸೆದರು. ಮಳೆಗಾಲಕ್ಕೂ ತಡೆಯುವ ಡಬ್ಬಿ, ಮುಳುಗುವ ಮಾತೇ ಇಲ್ಲ. ಇಳಿತದ ಹೊತ್ತು ಬೇರೆ. ತೇಲುತ್ತ ಅಳಿವೆಯ ಕಡೆ ಹೊರಟಿತು. ಇಟ್ಟವರಿಗೆ ಏನೆಂದು ಬರೆಯುವುದು ಅಂತ ಅವನಿಗೆ ಚಿಂತೆ. ಡಬ್ಬಿ ಅರಬ್ಬಿ ಸಮುದ್ರದಲ್ಲಿ ಉಂಟು ಅಂತ ನಾನು ಬೆಳಿಗ್ಗೆಯೇ ಹೇಳಿದ್ದೆ.

"ಕೀ ಇಲ್ಲದೆ ಹೇಗೆ ಹೋಗ್ತೀರಿ ಮಾಷೇ, ಹತ್ತಿ" ಅಂತ ಶಿಷ್ಯ ನಮ್ಮಿಬ್ಬರನ್ನೂ ಆಟೋದಲ್ಲಿ ಕೂರಿಸಿದ. ದಾರಿಯಿಡೀ ಕಿಸೆಯ ಮೇಲೆ ಕೈ ಒತ್ತಿಕೊಂಡು ಕೂತಿದ್ದೆ. ಎದೆ ನೋವಾ ಅಂತ ಎರಡು ಸಲ ಕೇಳಿದ.

ಹೆಂಡತಿ ಅಂಗಳದಲ್ಲೇ ನಿಂತಿದ್ದಳು.

"ಸ್ಕೂಟರ್ ಎಲ್ಲಿ?"

"ಕೋಟೆಯ ಹತ್ತಿರ."

"ಕೀ?"

ಕಿಸೆಯಿಂದ ತೆಗೆದು ತೋರಿಸಿದೆ.

"ಕ್ಯಾಶ್?"

"ಆಟೋಗೆ ಕೊಟ್ಟೆ."