ಸತ್ಯಾಂಶ: ವರ್ಬ್ ಮುಂದ ಶಬ್ದ ಬಂದ್ರ ಸಾಕು, ಟ್ರಾನ್ಸಿಟಿವ್ ಅನ್ನೂದು ಖರೇನ?

ಧಾರವಾಡದ ಕೋಚಿಂಗ್ ಹುಡುಗರ ವಾಟ್ಸಾಪ್‌ನ್ಯಾಗ ಒಂದು ಫಾರ್ವರ್ಡ್ ತಿರಗಾಡಾಕತ್ತೈತಿ, ಇಂಗ್ಲಿಷ್ ವರ್ಬ್ ಆದಮ್ಯಾಲೆ ಏನರ ಶಬ್ದ ಬಂದ್ರ ಅದು ಟ್ರಾನ್ಸಿಟಿವ್ (ಸಕರ್ಮಕ, ಅಂದ್ರ ಕರ್ಮಪದ ಇರೂ ಕ್ರಿಯಾಪದ), ಇಲ್ಲಂದ್ರ ಇನ್‌ಟ್ರಾನ್ಸಿಟಿವ್ (ಅಕರ್ಮಕ, ಕರ್ಮಪದ ಇಲ್ಲದ್ದು) ಅಂತ. ತಪ್ಪೈತ್ರಿ ಇದು. 'ಶಿ ಸ್ಲೆಪ್ಟ್ ಇನ್ ದ ಬಸ್' (ಆಕಿ ಬಸ್ಸಿನ್ಯಾಗ ಮಲಗಿದ್ಲು) ನೋಡ್ರಿ, ಮುಂದ 3 ಶಬ್ದ ಅದಾವ, ಆದ್ರ ಅವು 'ಎಲ್ಲಿ' ಅನ್ನೂದಕ್ಕ ಉತ್ತರ, 'ಏನನ್ನ, ಯಾರನ್ನ' ಅನ್ನೂದಕ್ಕಲ್ಲ, ಹಿಂಗಾಗಿ ಕರ್ಮಪದ ಇಲ್ಲ, ಅದು ಅಕರ್ಮಕ.

ಇನ್ನ ಒಂದ ವರ್ಬ್ ಎರಡೂ ಆಗಬಹುದು. 'ದ ಮಿಲ್ಕ್ ಬಾಯಿಲ್ಡ್' ಅಂದ್ರ ಹಾಲು ಕುದೀತು, ಅಕರ್ಮಕ. 'ಮದರ್ ಬಾಯಿಲ್ಡ್ ದ ಮಿಲ್ಕ್' ಅಂದ್ರ ಅವ್ವ ಹಾಲು ಕುದಿಸಿದ್ಲು, ಸಕರ್ಮಕ. ನಮ್ಮ ಕನ್ನಡದಾಗ ಕುದಿ, ಕುದಿಸು ಅಂತ ರೂಪನ ಬದಲಾಗ್ತೈತಿ, ಎಷ್ಟು ಚಂದ! ಇಂಗ್ಲಿಷಿನ್ಯಾಗ ಇಂಥಾ ವರ್ಬಿನ ರೂಪ ಹಂಗ ಬದಲಾಗೂದಿಲ್ಲ, ಹುಡುಗ್ರು ಎಡವೂದು ಇಲ್ಲೇ, ಅದಕ್ಕ ಬರೇ ವರ್ಬ್ ಅಲ್ಲ, ಪೂರ್ತಿ ವಾಕ್ಯ ಓದ್ರಿ.