ಓಲೆ ಸಿಕ್ಕಿತು, ಹುಡುಗಿ ಎಲ್ಲಿ?

ಮೂರು ರಾತ್ರಿ ನಿದ್ದೆಗೆಟ್ಟು ಓದಿದ ಕಾದಂಬರಿಯ ನಾಯಕಿಯ ಮೇಲೆ ಈ ಪಾಟಿ ಸಿಟ್ಟು ಬರುತ್ತದೆ ಎಂದುಕೊಂಡಿರಲಿಲ್ಲ. 1814ರ ಲಂಡನ್. ಮೂರನೇ ಜಾರ್ಜ್ ಹೆಸರಿಗಷ್ಟೇ ದೊರೆ, ಅಧಿಕಾರವೆಲ್ಲ ರೀಜೆಂಟ್ ಆದ ಮಗನದು. ನೃತ್ಯಕೂಟ, ಸಾರೋಟು, ಯುದ್ಧದಿಂದ ಕುಂಟುತ್ತಾ ಮರಳಿದ ನಾಯಕ. ಕೊನೆಗೆ ಮದುವೆಯೇ ಎಂದು ಮೊದಲ ಪುಟದಲ್ಲೇ ಗೊತ್ತಿದ್ದರೂ ಇಂಥ ಕಥೆಗಳೆಂದರೆ ನನಗೆ ಪ್ರಾಣ.

ನಾಯಕಿ ಸೊಕ್ಕಿನವಳು. ಬಂದ ವರಗಳನ್ನೆಲ್ಲ ಅವಮಾನಿಸಿ ಅಟ್ಟುತ್ತಾಳೆ. ಅದನ್ನು ನಾನು ಸಂತೋಷದಿಂದಲೇ ಒಪ್ಪಿಕೊಂಡೆ. ಆಗಿನ ಇಂಗ್ಲೆಂಡಿನಲ್ಲಿ ತಾಳಿಯಿಲ್ಲದಿದ್ದರೂ ಬಂಧನಕ್ಕೇನೂ ಕಡಿಮೆಯಿರಲಿಲ್ಲ: ಮದುವೆಯಾದ ಕ್ಷಣವೇ ಹೆಣ್ಣಿನ ಕೈಯ ಹಣ ಗಂಡನದಾಗುತ್ತಿತ್ತು. ಆ ಕಾನೂನು ಸರಿಯಾಗಿ ಬದಲಾದದ್ದು 1882ರಲ್ಲಿ. ಸ್ವಂತ ಆಸ್ತಿಯಿದ್ದ ಹೆಣ್ಣು ಮುಳ್ಳುಹಂದಿಯಂತಿದ್ದರೆ ತಪ್ಪೇನು? ಅರ್ಧ ಪುಸ್ತಕದವರೆಗೂ ಅವಳ ಪರ ವಕೀಲಿಕೆ ಮಾಡಿದೆ.

ಆಮೇಲೆ ಮುತ್ತಿನ ಓಲೆ ಕಳೆಯಿತು.

ಇವಳು ನೃತ್ಯ ಮುಗಿಸಿ ಬರುವವರೆಗೆ, ರಾತ್ರಿ ಎರಡು ಗಂಟೆಯ ತನಕ ತೂಕಡಿಸುತ್ತಾ ಕಾದು, ಉಡುಪಿನ ದಾರ ಬಿಚ್ಚುವ ಕೆಲಸದ ಹುಡುಗಿಯೊಬ್ಬಳಿದ್ದಾಳೆ. ಅನುಮಾನ ಅವಳ ಮೇಲೆ. ಬೆಳಗಾಗುವಷ್ಟರಲ್ಲಿ ನಡತೆಪತ್ರವನ್ನೂ ಕೊಡದೆ ಹೊರಗಟ್ಟುತ್ತಾರೆ. ಆ ಪತ್ರವಿಲ್ಲದವಳನ್ನು ಇನ್ನಾವ ಒಳ್ಳೆಯ ಮನೆಯವರು ಸೇರಿಸಿಕೊಳ್ಳುತ್ತಾರೆ? ದೂರು ಕೊಟ್ಟಿದ್ದರಂತೂ ಮುಗಿದೇಹೋಯಿತು. ಮನೆಯೊಳಗೆ 40 ಷಿಲಿಂಗ್ ಬೆಲೆಯದ್ದನ್ನು ಕದ್ದರೆ ಗಲ್ಲು ವಿಧಿಸಬಹುದಾಗಿದ್ದ ಕಾಲ ಅದು. ಎರಡು ಅಧ್ಯಾಯ ಕಳೆದ ಮೇಲೆ ಓಲೆ ನಾಯಕಿಯ ಕೈಗವಸಿನೊಳಗೇ ಸಿಗುತ್ತದೆ. ಅವಳು ನಗುತ್ತಾಳೆ. ನಾಯಕನೂ ನಗುತ್ತಾನೆ. ಅಲ್ಲಿಂದ ಮೊದಲ ಚುಂಬನ!

ಮುಂದಿನ ಇನ್ನೂರು ಪುಟಗಳಲ್ಲಿ ನಾನು ಪ್ರೇಮಕಥೆ ಓದಲೇ ಇಲ್ಲ, ಆ ಹುಡುಗಿಯನ್ನು ಹುಡುಕಿದೆ. ಬಾಗಿಲು ತಟ್ಟುವ ಸದ್ದು ಬಂದಾಗಲೆಲ್ಲ ಅವಳೇ ಇರಬಹುದೆಂದು ಕಾದೆ. ನಾಯಕಿ ಒಂದು ಚೀಟಿ ಬರೆದಿದ್ದರೂ, ಒಂದು ರಾತ್ರಿ ಹೊರಳಾಡಿದ್ದರೂ ಸಾಕಿತ್ತು, ಮತ್ತೆ ಅವಳ ಕಡೆಗೇ ವಾಲುತ್ತಿದ್ದೆ. ಕೆಟ್ಟ ನಾಯಕಿಯರನ್ನು ನಾನು ಬೇಡವೆನ್ನುವುದಿಲ್ಲ. ಅವಳು ಮಾಡಿದ್ದು ಕೆಟ್ಟದ್ದೆಂದು ಬರೆದವರಿಗೇ ಹೊಳೆದಿಲ್ಲವಲ್ಲ, ಹೊಟ್ಟೆ ಉರಿಯುವುದು ಅದಕ್ಕೆ. ಅವರ ದೃಷ್ಟಿಯಲ್ಲಿ ಅದೊಂದು ತಮಾಷೆಯ ಪ್ರಸಂಗ.

ಮದುವೆಯ ದಿನ ಅವಳ ಕಿವಿಯಲ್ಲಿ ಅದೇ ಓಲೆ. ನಾಯಕ ಅದರ ಹೊಳಪನ್ನು ಹೊಗಳುತ್ತಾನೆ. ನಾನು ಪುಸ್ತಕ ಮುಚ್ಚಿಟ್ಟೆ. ಇನ್ನೂ ನಾಲ್ಕು ಪುಟ ಬಾಕಿ ಇವೆ.